ತಿರುವಿನ ಚುಕ್ಕಿಗಾಗಿ ಜುನ್ನರದ ಬೆಟ್ಟಕ್ಕೆ

ಪುಣೆಯ ಕಾತ್ರಜದ ನಮ್ಮ ಮನೆಯಿಂದ ಹೊರಟಾಗ ಬೆಳಗಿನ ಚಹಾದ ಹೊತ್ತು, ಆದರೂ ಬಿಸಿಲು ಮುಖಕ್ಕೆ ರಾಚುತ್ತಿತ್ತು. ಮೇ ತಿಂಗಳ ಕೊನೆ. ನನಗೆ ಹೋಗುವ ಮನಸ್ಸು ಇರಲಿಲ್ಲ. ಮೊಮ್ಮಗಳು ಪಲ್ಲವಿ ನಕ್ಷತ್ರಗಳ ಮೇಲೆ ಪಿಎಚ್‌ಡಿ ಮಾಡುತ್ತಾಳೆ. ಜುನ್ನರದ ಕಡೆ ಒಂದು ಬೆಟ್ಟದ ಮೇಲೆ ಅವಳು ಕೆಲಸ ಮಾಡುವ ದೊಡ್ಡ ದುರ್ಬೀನು ಇದೆ. ಅಲ್ಲಿ ಒಬ್ಬರೇ ಇರುವಂತಿಲ್ಲ, ಇಬ್ಬರು ಬೇಕೇ ಬೇಕು. ಜೊತೆಗೆ ಬರಬೇಕಾದ ಗೆಳತಿಗೆ ಡೆಂಗ್ಯೂ ಆಗಿತ್ತು. ಮಗ ಸೊಸೆಗೆ ರಜೆ ಸಿಗಲಿಲ್ಲ. ಉಳಿದವಳು ನಾನು.

"ಆಯಿ, ನೀ ಸುಮ್ನ ಕುಂತ್ರ ಸಾಕು" ಅಂದಳು. ಧಾರವಾಡದ ನಮ್ಮ ಕಡೆ ಅಜ್ಜಿಗೆ ಆಯಿ ಅನ್ನುತ್ತಾರೆ.

"ಸುಮ್ನ ಕುಂದ್ರಾಕ ಬೆಟ್ಟ ಯಾಕ ಹತ್ತಬೇಕ? ಮನ್ಯಾಗ ಕುರ್ಚಿ ಇಲ್ಲೇನ?" ಅಂದೆ. ಆದರೂ ಹೊರಟೆ.

ವಾಕಡೇವಾಡಿ ಸ್ಟ್ಯಾಂಡಿನಿಂದ ಎಸ್.ಟಿ. ಬಸ್ಸು ಹಿಡಿದೆವು. ಎಪ್ಪತ್ತೈದು ದಾಟಿದ ನನಗೆ ಟಿಕೀಟು ಇಲ್ಲ, ಹೆಣ್ಣುಮಗಳೆಂದು ಅವಳಿಗೆ ಅರ್ಧ. ಕಂಡಕ್ಟರ್ ನನ್ನ ಆಧಾರ್ ಕಾರ್ಡು ನೋಡಿ, ಓಝರದ ಗಣಪತಿಗೇನು ಆಜಿ ಎಂದು ಮರಾಠಿಯಲ್ಲಿ ಕೇಳಿದ. ಇಲ್ಲಪ್ಪ, ಚುಕ್ಕಿ ನೋಡಲು ಅಂದೆ. ನಿಮ್ಮ ವಯಸ್ಸಿಗೆ ಹಗಲೇ ಕಾಣಿಸಬೇಕಲ್ಲ ಎಂದು ನಕ್ಕ. ಬಸ್ಸಿನಲ್ಲಿದ್ದವರೂ ನಕ್ಕರು. ನನಗೆ ನಗು ಬರಲಿಲ್ಲ, ಮೊಣಕಾಲು ಆಗಲೇ ಹಿಡಿದುಕೊಂಡಿತ್ತು.

ಚಾಕಣದಲ್ಲಿ ಲಾರಿಗಳ ನಡುವೆ ಬಸ್ಸು ಸಿಕ್ಕಿಕೊಂಡಿತು. ಅಲ್ಲಿ ನಿಂತಾಗ ಪಲ್ಲವಿ ತನ್ನ ನಕ್ಷತ್ರದ ಕಥೆ ಹೇಳಿದಳು. ಅದಕ್ಕೆ ಹೆಸರಿಲ್ಲ, ಬರೀ ನಂಬರು. "ಮುದಿ ನಕ್ಷತ್ರ ಆಯಿ. ಮುಪ್ಪಾಗಿ ಊದಿಕೊಂಡದ."

"ನನ್ನ ಕಾಲ ಊದಿಧಂಗ."

"ಹೂಂ. ಅದರ ಸುತ್ತ ಯಾವುದೋ ದೊಡ್ಡ ಗ್ರಹ ತಿರಗತದ ಅಂತ ನನ್ನ ಲೆಕ್ಕ. ಗ್ರಹ ಕಣ್ಣಿಗೆ ಕಾಣಂಗಿಲ್ಲ. ಆದ್ರ ಅದು ಜಗ್ಗಿಧಂಗ ನಕ್ಷತ್ರ ಒಮ್ಮೆ ನಮ್ಮ ಕಡೆ ಬರತದ, ಒಮ್ಮೆ ದೂರ ಹೋಗತದ. ಬಂದ್ರ ಅದರ ಬೆಳಕಿನ ಗೆರಿ ನೀಲಿ ಕಡೆ ಸರೀತಾವ, ಹೋದ್ರ ಕೆಂಪ ಕಡೆ."

"ಕಾಣದವ್ರು ಜಗ್ಗತಾರಂದ್ರ ದೆವ್ವ ಅನ್ನು."

"ದೆವ್ವಕ್ಕ ಪಿಎಚ್‌ಡಿ ಕೊಡಂಗಿಲ್ಲ ಆಯಿ."

ಇಷ್ಟು ದಿನ ಆ ನಕ್ಷತ್ರ ದೂರ ಹೋಗುತ್ತಿತ್ತಂತೆ. ಈಗ ಅವಳ ಲೆಕ್ಕದಂತೆಯೇ ತಿರುಗಿ ಬರಲು ಶುರುಮಾಡಿದ್ದರೆ ಗ್ರಹ ಇರುವುದು ನಿಜ. ಇಲ್ಲದಿದ್ದರೆ ಮುದಿ ನಕ್ಷತ್ರ ತಾನೇ ಉಸಿರು ಬಿಟ್ಟಂತೆ ಉಬ್ಬಿ ಇಳಿಯುತ್ತಿದೆ ಅಷ್ಟೆ, ಪಕ್ಕದಲ್ಲಿ ಯಾರೂ ಇಲ್ಲ. ಅದನ್ನು ತಿಳಿಯಲು ಈ ಸಂಜೆ ಒಂದೇ ಬಾಕಿ. ನಾಳೆಯಿಂದ ಅದು ಸೂರ್ಯನ ಬೆಳಕಿನಲ್ಲಿ ಮುಳುಗುತ್ತದೆ, ಆಮೇಲೆ ಮಳೆಗಾಲ. ಅದರ ಸುತ್ತಿನಲ್ಲಿ ಈ ತಿರುವು ಮತ್ತೆ ಬರಲು ಒಂದೂವರೆ ವರ್ಷ. ಅವಳ ಫೆಲೋಶಿಪ್ಪು ದೀಪಾವಳಿಗೆ ಮುಗಿಯುತ್ತದೆ.

ನಾರಾಯಣಗಾಂವದಲ್ಲಿ ಇಳಿದು ಮಿಸಳ್ ತಿಂದೆವು. ಖಾರ ಬಹಳ, ಪಾವು ನಿನ್ನೆಯದು. ಟೊಮೆಟೊ ಕ್ರೇಟುಗಳ ಲಾರಿಗಳು ರಸ್ತೆ ತುಂಬಿದ್ದವು. ಅಲ್ಲಿಂದ ಬೆಟ್ಟಕ್ಕೆ ಜೀಪು. ದಾರಿಯುದ್ದಕ್ಕೂ ಒಂದು ಮರ ಇಲ್ಲ. ಮೇಲೆ ಬಿಳಿ ಗುಮ್ಮಟ, ಪಕ್ಕದಲ್ಲಿ ಎರಡು ಕೋಣೆ, ಕಾವಲಿಗೆ ಶಾಂತಾರಾಮ ಎಂಬ ಮರಾಠಿ ಗೃಹಸ್ಥ. ಮಂಚ ಕಂಡ ಕೂಡಲೇ ಮಲಗಿದೆ.

ಸಂಜೆ ಕೆಲಸ ಶುರುವಾಯಿತು. ಅವರದೊಂದು ಪದ್ಧತಿ ಇದೆ. ಯಂತ್ರಕ್ಕೆ ಮೊದಲು ಒಂದು ದೀಪದ ಬೆಳಕು ತೋರಿಸುತ್ತಾರೆ, ಆಮೇಲೆ ನಕ್ಷತ್ರದ್ದು, ಕೊನೆಗೆ ಮತ್ತೆ ಅದೇ ದೀಪ. ದೀಪದ ಗೆರೆಗಳು ಸರಿಯುವುದಿಲ್ಲ. ಹೊರಗೆ ತಂಪಾದಂತೆ ಯಂತ್ರವೇ ಕೂದಲೆಳೆಯಷ್ಟು ಸರಿದಿದ್ದರೆ ಎರಡು ದೀಪ ಹೋಲಿಸಿದಾಗ ಗೊತ್ತಾಗುತ್ತದೆ. ತೂಗುವ ಮೊದಲೂ ತೂಗಿದ ಮೇಲೂ ಅಂಗಡಿಯವನು ಖಾಲಿ ತಕ್ಕಡಿ ತೋರಿಸಿದ ಹಾಗೆ.

ಸೂರ್ಯ ಇಳಿದ. ಪಡುವಣದಲ್ಲಿ ನಕ್ಷತ್ರ ಸಿಕ್ಕಿತು ಅಂದಳು. ನನಗೆ ಕಂಡದ್ದು ಕಂಪ್ಯೂಟರಿನಲ್ಲಿ ಒಂದು ಬಿಳಿ ಹರಳು, ರವೆಯಷ್ಟು. ಅದರ ಬೆಳಕು ತುಂಬಿಕೊಳ್ಳುತ್ತಿದ್ದಾಗ ಬೆಟ್ಟದ ಹಿಂದಿನಿಂದ ಕಪ್ಪು ಮೋಡ ಎದ್ದಿತು. ಗಾಳಿ ಬಂತು, ಮಣ್ಣು ಬಂತು. ನಕ್ಷತ್ರದ ಕೆಲಸ ಮುಗಿಯುವುದಕ್ಕೂ ಸಿಡಿಲು ಹೊಡೆಯುವುದಕ್ಕೂ ಸರಿಹೋಯಿತು. ಹನಿ ಬಿದ್ದವು. ಶಾಂತಾರಾಮ ಬಂದ್ ಕರಾ, ಬಂದ್ ಕರಾ ಎಂದು ಕೂಗಿದ. ನಾನೂ ಕೂಗಿದೆ. ಪಲ್ಲವಿ ಗುಮ್ಮಟ ಮುಚ್ಚಿ, ಯಂತ್ರ ಸುಟ್ಟುಹೋದೀತೆಂದು ಎಲ್ಲ ಸ್ವಿಚ್ಚು ತೆಗೆದಳು.

ಮಳೆ ಹತ್ತೇ ನಿಮಿಷ, ಅಷ್ಟರಲ್ಲಿ ನಕ್ಷತ್ರವೂ ಮುಳುಗಿತ್ತು. ಹನಿ ನಿಂತ ಮೇಲೆ ನಾನು ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದೆ. ಅವಳು ಮತ್ತೆ ಹಚ್ಚಿದ ಕಂಪ್ಯೂಟರ್ ಬಿಟ್ಟು ಏಳಲಿಲ್ಲ.

"ಏನಾತ?"

"ಇವತ್ತಿನ ಅಳತಿ ಚುಕ್ಕಿ ನಾ ಲೆಕ್ಕ ಹಾಕಿ ಎಳೆದ ಗೆರಿ ಮ್ಯಾಲ ಬರೋಬ್ಬರಿ ಕುಂತದ ಆಯಿ. ನಕ್ಷತ್ರ ತಿರುಗಿ ಬರಾಕ ಹತ್ತೇದ."

"ಹಂಗಾದ್ರ ಮಾರಿ ಯಾಕ ಸುಟ್ಟ ಬದನಿಕಾಯಿ ಆಗೇತಿ?"

"ಕೊನೀ ದೀಪ ಹಿಡದಿಲ್ಲ. ಹಿಡಿಯೂಕಿಂತ ಮದಲ ಸ್ವಿಚ್ ತಗದೆ."

"ಈಗ ಹಿಡಿ."

"ಬಂದ್ ಮಾಡಿ ಹಚ್ಚಿದ್ರ ಯಂತ್ರ ಬ್ಯಾರೆ ಕಡೆ ಕೂಡತದ. ಉಪಯೋಗ ಇಲ್ಲ."

ನಾನು ರೊಟ್ಟಿ ಮುರಿದುಕೊಂಡೆ. "ಯಾರ ನೋಡ್ಯಾರ?"

"ಯಾರೂ ನೋಡಿಲ್ಲ. ಒಂದs ದೀಪದ ಮ್ಯಾಲ ನಡಸಿದೆ ಅಂದ್ರ ನಡೀತದ."

"ನಡಸು ಮತ್ತ. ಬೇಕಾದ್ದs ಬಂದೇತಿ, ತಗೊಂಡು ಸುಮ್ನಿರು."

ಅವಳು ನನ್ನ ಮುಖ ನೋಡಿದಳು. "ಸರಿದದ್ದು ನಕ್ಷತ್ರನೋ ಯಂತ್ರನೋ? ನನಗs ಗೊತ್ತಿಲ್ಲ ಆಯಿ." ಊಟ ಮಾಡಲಿಲ್ಲ. ನಾನು ಮಾಡಿದೆ. ಹಸಿದು ಕೂತರೆ ಯಂತ್ರ ಸರಿಹೋಗುವುದಿಲ್ಲ.

ಬೆಳಿಗ್ಗೆ ಜೀಪು ನಾರಾಯಣಗಾಂವದಲ್ಲಿ ಇಳಿಸಿತು. ಬಸ್ಸಿಗೆ ಕಾಯುತ್ತ ನಿಂತಾಗ ಪಲ್ಲವಿ ತನ್ನ ಗೈಡಿಗೆ ಫೋನು ಮಾಡಿದಳು. ಅವರು ಉಡುಪಿ ಕಡೆಯವರು. ಗದ್ದಲದಲ್ಲಿ ಕೇಳಿಸದೆ ಸ್ಪೀಕರ್ ಹಾಕಿದಳು.

"ಚುಕ್ಕಿ ಗೆರೆ ಮೇಲೆ ಉಂಟಾ ಪಲ್ಲವಿ?"

"ಉಂಟು ಸರ್. ಆದ್ರ ಲೆಕ್ಕಕ್ಕ ಹಿಡೀಬ್ಯಾಡ್ರಿ. ಕೊನೀ ದೀಪ ತಗೊಂಡಿಲ್ಲ, ಸಿಡ್ಲಿಗೆ ಹೆದರಿ ಬಂದ್ ಮಾಡಿದೆ."

"ಹಾಗಾದರೆ ಆ ಚುಕ್ಕಿ ತೆಗೆದುಬಿಡು. ಫೆಲೋಶಿಪ್ಪು ಮುಂದುವರಿಸಲಿಕ್ಕೆ ಕೇಳಿ ನೋಡ್ತೇನೆ, ಸಿಗ್ತದೆ ಅಂತ ಹೇಳೋದಿಲ್ಲ. ಮುಂದಿನ ತಿರುವಿಗೆ ನೋಡುವ."

"ಆಗಲ್ರಿ ಸರ್" ಎಂದು ಫೋನಿಟ್ಟಳು. ಅಳಲಿಲ್ಲ. ಚೀಲದಿಂದ ನಿನ್ನೆಯ ರೊಟ್ಟಿ ತೆಗೆದು ಅಲ್ಲೇ ನಿಂತು ತಿನ್ನತೊಡಗಿದಳು.

"ಹುಚ್ಚಿ" ಅಂದೆ. "ಮುಂದಿನ ತಿರುವಿಗೆ ಬ್ಯಾರೆ ಯಾರನ್ನರ ಹುಡುಕ್ಕೋ. ನನ್ನ ಮೊಣಕಾಲು ಅಲ್ಲೀತನ ಇರಂಗಿಲ್ಲ."

"ಆವಾಗ ಥಂಡಿ ದಿನ ಆಯಿ. ಶಾಲು ಇಟಗೋ" ಅಂದಳು, ಬಾಯಲ್ಲಿ ರೊಟ್ಟಿ.

ಬಸ್ಸಿನಲ್ಲಿ ಅವಳು ಕೂತ ಕೂಡಲೇ ನಿದ್ದೆಹೋದಳು. ಮಂಚರ ಊರು ಬರುವ ಮೊದಲು ನಾನೊಮ್ಮೆ ಹಿಂದೆ ತಿರುಗಿ ನೋಡಿದೆ. ಗುಮ್ಮಟ ಕಾಣಲಿಲ್ಲ, ಬಿಸಿಲು ಕಣ್ಣಿಗೆ ಹೊಡೆಯಿತು. ಆ ಮುದಿ ನಕ್ಷತ್ರ ಈಗ ಸೂರ್ಯನ ಮಗ್ಗುಲಲ್ಲೇ ಇದೆಯಂತೆ. ಅದರ ಹತ್ತಿರ ಯಾರಾದರೂ ಇದ್ದಾರೋ ಇಲ್ಲವೋ, ಈ ಪ್ರಯಾಣದಲ್ಲಿ ತಿಳಿಯಲಿಲ್ಲ.