ಬೀರುವಿನೊಳಗಿನ ಅಂಬಿಗಜ್ಜಿ

ಬೆಳಕು ಹರಿಯುವ ಮುಂಚೆಯೇ ಮೂರನೇ ಮಹಡಿಯ ಆ ಪುಟ್ಟ ಮನೆಯಲ್ಲಿ ಫ್ರಿಜ್ಜಿನ ಸ್ವಿಚ್ಚು ಆರುತ್ತದೆ. ಗೋಡೆ ಗಡಿಯಾರ ಕೆಳಗಿಳಿದು ದಿಂಬಿನಡಿ ಸೇರುತ್ತದೆ. ಐವತ್ತು ದಾಟಿದ ಹೆಂಗಸೊಬ್ಬರು ಬಾಯಿಗೆ ಒಂದು ಗುಟುಕು ನೀರನ್ನೂ ಹಾಕದೆ, ಯಾರೊಂದಿಗೂ ತುಟಿ ಪಿಟಕ್ಕೆನ್ನದೆ, ಮಲಗುವ ಕೋಣೆಯ ಬಟ್ಟೆ ಬೀರುವಿನೊಳಗೆ ಹೋಗಿ ಕೂರುತ್ತಾರೆ. ಸುತ್ತ ಕಂಬಳಿಗಳು, ಹಳೆಯ ಕೋಟು, ಗಂಡನ ಪ್ಯಾಂಟುಗಳು. ಮೂಗಿನೆದುರಿಗೆ ಮೈಕು. ಒಂದು ಸಣ್ಣ ಕೆಮ್ಮು. ಆಮೇಲೆ ಆ ಬೀರುವಿನಿಂದ ಎಂಬತ್ತರ ಮುದುಕಿಯೊಬ್ಬಳ ದನಿ ಹೊರಬರುತ್ತದೆ: "ಹತ್ತು ಮಗಾ, ಹತ್ತು. ದೋಣಿ ಹಳೇದು, ನಾನೂ ಹಳಬಳು. ಇಬ್ರೂ ಇನ್ನೂ ಮುಳುಗಿಲ್ಲ."

ಕೇಳಿದವರ ಮೈ ಜುಮ್ಮೆನ್ನುತ್ತದೆ. ಬೀರುವಿನ ಬಾಗಿಲು ತೆರೆದು ನೋಡಿದರೆ ಅಲ್ಲಿ ಮುದುಕಿಯೇ ಇಲ್ಲ.

ಇವರು ದನಿ ಕೊಡುವುದು ವಿಡಿಯೋ ಗೇಮಿಗೆ. ಆ ಆಟದಲ್ಲಿ ಯುದ್ಧಕ್ಕೆ ಸಿಕ್ಕಿ ಸುಟ್ಟು ಕರಕಲಾದ ಒಂದು ನಾಡಿದೆ. ಆಟಗಾರ ಒಬ್ಬಂಟಿ. ನಾಯಿಗಳಿಂದ ಹಿಡಿದು ಸೈನಿಕರ ತನಕ ಎದುರು ಸಿಕ್ಕವರೆಲ್ಲ ಅವನ ಜೀವ ತೆಗೆಯಲು ಕಾದಿರುವವರೇ. ಇಡೀ ಆಟದಲ್ಲಿ ಅವನ ತಂಟೆಗೆ ಬಾರದವಳು ಒಬ್ಬಳೇ, ನದಿ ದಾಟಿಸುವ ಅಂಬಿಗಜ್ಜಿ. ದೋಣಿ ಈ ದಡದಿಂದ ಆ ದಡ ಮುಟ್ಟುವಷ್ಟು ಹೊತ್ತು ಅವಳು ಹರಟುತ್ತಾಳೆ, ಬೈಯುತ್ತಾಳೆ, ಊಟ ಆಯಿತಾ ಎಂದು ಕೇಳುತ್ತಾಳೆ. ಆ ದನಿಗೆ ಮರುಳಾದವರಿಗೆ ಲೆಕ್ಕವಿಲ್ಲ. ದನಿಯ ಒಡತಿ ಮಾತ್ರ ಆಟದ ಕೊನೆಯಲ್ಲಿ ಓಡುವ ಹೆಸರುಗಳ ನಡುವೆ 'ಇತರರು' ಎಂಬ ಒಂದು ಪದದೊಳಗೆ ಅಡಗಿಹೋಗಿದ್ದಾರೆ. ಸ್ಟುಡಿಯೋದಲ್ಲೂ ಅವರನ್ನು ಹೆಸರು ಹಿಡಿದು ಕರೆಯುವವರಿಲ್ಲ. ಮೊಮ್ಮಕ್ಕಳಿಲ್ಲದ ಅವರು ಎಲ್ಲರಿಗೂ ಅಜ್ಜಿ.

"ನಿದ್ದೆಯಿಂದ ಎದ್ದ ತಕ್ಷಣ ಗಂಟಲು ದಪ್ಪ ಇರುತ್ತಲ್ಲ, ಅದೇ ಅಜ್ಜಿ ದನಿ. ನೀರು ಕುಡಿದ್ರೆ ಅರ್ಧ ಅಜ್ಜಿ ಹೋದ್ಲು. ನಾಲ್ಕು ಮಾತಾಡಿದ್ರೆ ಪೂರ್ತಿ ಹೋದ್ಲು. ಆಮೇಲೆ ಎಷ್ಟು ಕರೆದ್ರೂ ಬರಲ್ಲ" ಎನ್ನುತ್ತಾರೆ ಅವರು, ಕೆಲಸ ಮುಗಿಸಿ ಬಿಸಿನೀರಿನ ಲೋಟ ಹಿಡಿದು. ಹಾಗಾಗಿ ಮನೆಯಲ್ಲಿ ಬೆಳಗಿನ ಹೊತ್ತು ಮೌನವೇ ಕಟ್ಟಳೆ. ಬಸ್ ಡಿಪೋದಲ್ಲಿ ಮೆಕ್ಯಾನಿಕ್ ಆಗಿರುವ ಗಂಡ ಟವೆಲ್ ಬೇಕಾದರೆ ಬೆನ್ನು ಉಜ್ಜಿ ತೋರಿಸುತ್ತಾರೆ, ಬೀಗದ ಕೈ ಬೇಕಾದರೆ ಬೆರಳು ತಿರುವುತ್ತಾರೆ. "ಜಗಳ ಆಡೋಕೂ ಬೆಳಕಾಗೋ ತನಕ ಕಾಯ್ಬೇಕು. ಅಷ್ಟರಲ್ಲಿ ಯಾತಕ್ಕೆ ಸಿಟ್ಟು ಬಂದಿತ್ತು ಅನ್ನೋದೇ ಮರೆತುಹೋಗಿರುತ್ತೆ" ಎಂದು ಗಂಡ ನಗುತ್ತಾರೆ.

ಮೊದಲು ಈ ಕಲಾವಿದೆ ಬಸ್ ನಿಲ್ದಾಣದ ಗಾಜಿನ ಗೂಡಿನಲ್ಲಿ ಕೂತು ಬಸ್ಸುಗಳ ಹೊತ್ತು ಕೂಗುತ್ತಿದ್ದವರು. ಒಂದು ದಿನ ಮೇಲಿನವರು ಕರೆದು, ಎಲ್ಲ ಊರುಗಳ ಹೆಸರನ್ನೂ ಎಲ್ಲ ಅಂಕಿಗಳನ್ನೂ ಓದಿಸಿ ರೆಕಾರ್ಡ್ ಮಾಡಿಕೊಂಡರು. ತಿಂಗಳೊಪ್ಪತ್ತಿನಲ್ಲಿ, ಇನ್ನು ನೀವು ಬರುವುದು ಬೇಡ ಎಂದರು. ಇವರ ದನಿಯೇ ಇವರ ಕುರ್ಚಿಯನ್ನು ಕಿತ್ತುಕೊಂಡಿತ್ತು. ಇವತ್ತಿಗೂ ಆ ನಿಲ್ದಾಣದಲ್ಲಿ ಬಸ್ಸಿಗೆ ಕಾಯುವಾಗ ತಮ್ಮದೇ ದನಿ ತಮಗೆ ಮೂರನೇ ಅಂಕಣಕ್ಕೆ ಹೋಗು ಎನ್ನುತ್ತದೆ, ಇವರು ಮರುಮಾತಾಡದೆ ಹೋಗುತ್ತಾರೆ. ಕೆಲಸ ಹೋದ ಮೇಲೆ ಸ್ಟುಡಿಯೋಗಳ ಬಾಗಿಲು ಬಡಿದರು. ಸಿಕ್ಕಿದ್ದು ಸಾಯುವ ಕೆಲಸ. ಬಾಣ ತಗುಲಿದವರ, ಬಂಡೆಯಿಂದ ಬಿದ್ದವರ, ಬೆಂಕಿಗೆ ಸಿಕ್ಕವರ ಕೂಗು. ಈಗಲೂ ಮಧ್ಯಾಹ್ನದ ಹೊತ್ತಿಗೆ ಹತ್ತು ಹದಿನೈದು ಸಲವಾದರೂ ಸತ್ತು, ಮನೆಗೆ ಬಂದು ಬಟ್ಟೆ ಒಗೆಯುತ್ತಾರೆ.

ಅಂಬಿಗಜ್ಜಿಗೆ ಮೊದಲು ಇದ್ದದ್ದು ಬೆರಳೆಣಿಕೆಯಷ್ಟು ಮಾತು. ಅವಳನ್ನು ಜನರ ಮನೆಮಗಳಾಗಿಸಿದ್ದು ಒಂದು ಅಚಾತುರ್ಯ. ಅವತ್ತು ಬೀರುವಿನೊಳಗೆ ಮಾತು ನಡೆದಿತ್ತು, ಒಲೆಯ ಮೇಲೆ ಹಾಲು ಸೀಯುವ ವಾಸನೆ ಬಂತು. ಅಜ್ಜಿಯ ದನಿಯಿಂದ ಹೊರಬರಲು ಪುರುಸೊತ್ತೆಲ್ಲಿ? ಅದೇ ದನಿಯಲ್ಲಿ ಗಂಡನಿಗೆ ಕೇಳಿಯೇಬಿಟ್ಟರು: "ರೀ, ಒಲೆ ಆರಿಸಿದ್ರಾ?"

ದನಿ ಕತ್ತರಿಸಿ ಜೋಡಿಸುವವನು ಅದನ್ನೂ ಕಥೆಯ ಮಾತೆಂದೇ ತಿಳಿದು ನಡುನೀರಿನಲ್ಲಿ ಸೇರಿಸಿಬಿಟ್ಟ. ಆಟ ಬಿಡುಗಡೆಯಾಯಿತು. ದೋಣಿ ನಡುಹೊಳೆಗೆ ಬಂದಾಗ ಹುಟ್ಟು ಹಾಕುವುದನ್ನು ನಿಲ್ಲಿಸಿ, ಯಾರೂ ಇಲ್ಲದ ಕಡೆಗೆ ಅಜ್ಜಿ ಹೀಗೆ ಕೇಳುವುದನ್ನು ಕಂಡು ಆಡುವವರು ದಂಗಾದರು. ಆ ಒಂದು 'ರೀ' ಸಾಕಾಯಿತು. ಅಜ್ಜಿಗೆ ಗಂಡನಿದ್ದ, ಯುದ್ಧದಲ್ಲಿ ಹೋದ, ಮನೆ ಸುಟ್ಟ ದಿನ ಅವಳು ಕೇಳಲು ಮರೆತ ಮಾತು ಇದು ಎಂದೆಲ್ಲ ಜನ ಕಥೆ ಹೆಣೆದರು. ಹೆಣೆದು ತಾವೇ ಅತ್ತರು.

"ನಂಗೆ ಜೀವ ಬಾಯಿಗೆ ಬಂತು. ಕೆಲಸ ಹೋಯ್ತು ಅಂತ್ಲೇ ಅಂದ್ಕೊಂಡೆ. ನೋಡಿದ್ರೆ ನಿರ್ದೇಶಕರು ಫೋನ್ ಮಾಡಿ, ಇನ್ನಷ್ಟು ಮಾತಾಡಿ ಅಮ್ಮಾ ಅಂದ್ರು!" ಎಂದು ಅವರು ಇವತ್ತಿಗೂ ಕಣ್ಣರಳಿಸುತ್ತಾರೆ.

ಸ್ವಂತ ಪಾತ್ರವನ್ನು ಕಣ್ಣಾರೆ ಕಾಣುವುದು ಅಷ್ಟು ಸುಲಭವಾಗಲಿಲ್ಲ. ತಂಗಿಯ ಮಗಳು ಆಟದ ರಿಮೋಟು ಕೈಗಿತ್ತಳು. ಎರಡು ನಿಮಿಷದಲ್ಲಿ ನಾಯಿಗಳು ಹರಿದು ಹಾಕಿದವು. "ದೊಡ್ಡಮ್ಮಾ, ಓಡಿ, ಓಡಿ ಅಂದ್ರೆ ಗೋಡೆಗೆ ಡಿಕ್ಕಿ ಹೊಡೀತಾ ನಿಂತಿರ್ತಿದ್ರು" ಎಂದು ಅವಳು ಛೇಡಿಸುತ್ತಾಳೆ. ಹಲವು ಭಾನುವಾರ ಸತ್ತು ಸತ್ತು ಕೊನೆಗೂ ನದಿಯ ದಡ ಮುಟ್ಟಿದರು. ಮಂಜಿನಲ್ಲಿ ದೋಣಿ ಬಂತು. ಅಜ್ಜಿ ಕೈ ಚಾಚಿ, ಹತ್ತು ಮಗಾ ಎಂದಳು.

"ಆ ದನಿ ನಂದು ಅಂತ ಅನ್ನಿಸಲೇ ಇಲ್ಲ. ಅಷ್ಟು ಹೊತ್ತು ಎಲ್ರೂ ಕೊಲ್ಲೋಕೇ ಬಂದಿದ್ರು ನೋಡಿ, ಒಬ್ಬಳಾದ್ರೂ ಕೈ ಕೊಟ್ಟಳಲ್ಲ ಅಂತ ಗಳಗಳ ಅತ್ತುಬಿಟ್ಟೆ. ನಾನು ಹೇಳಿದ ಮಾತಿಗೆ ನಾನೇ ಅಳೋದಾ!"

ಸ್ಟುಡಿಯೋಗೆ ಒಮ್ಮೆ ಒಬ್ಬ ನರ್ಸ್ ಹುಡುಕಿಕೊಂಡು ಬಂದಿದ್ದರಂತೆ. ಆಸ್ಪತ್ರೆಯ ಪಾಳಿ ಮುಗಿಸಿ ಮನೆಗೆ ಹೋದರೆ ಆಕೆ ಆಟವನ್ನು ಮುಂದುವರಿಸುವುದೇ ಇಲ್ಲ. ದೋಣಿ ಹತ್ತುವುದು, ಆಚೆ ದಡ ಮುಟ್ಟುವುದು, ಇಳಿಯದೆ ಮತ್ತೆ ಈಚೆಗೆ ಬರುವುದು. ಅಷ್ಟೇ. "ದಿನವಿಡೀ ನಾನು ಬೇರೆಯವರನ್ನ ನೋಡ್ಕೋತೀನಿ. ಊಟ ಆಯ್ತಾ ಅಂತ ನನ್ನ ಕೇಳೋದು ಇವರೊಬ್ಬರೇ" ಎಂದು ಕೈ ಹಿಡಿದುಕೊಂಡರಂತೆ. ಬಣ್ಣದ ಚುಕ್ಕಿಗಳಿಂದ ಮಾಡಿದ ಮುದುಕಿಯ ಮೇಲೆ ಒಂದು ಜೀವ ಇಷ್ಟು ಭಾರ ಹಾಕಿ ಒರಗಬಹುದೇ ಎಂದು ಇವರು ಬೆರಗಾಗಿ ಕೂತರು. ಆ ಬೆರಗು ಇನ್ನೂ ಇಳಿದಿಲ್ಲ.

ಈಗ ಅದೇ ಅಜ್ಜಿಗೆ ಸಾವು ಬಂದಿದೆ. ಆಟದ ಎರಡನೇ ಭಾಗ ಸಿದ್ಧವಾಗುತ್ತಿದೆ. ಅದರಲ್ಲಿ ದೋಣಿ ಸೋರುತ್ತದೆ, ಇಬ್ಬರ ಭಾರ ತಡೆಯುವುದಿಲ್ಲ, ಅಜ್ಜಿ ಆಟಗಾರನನ್ನು ಉಳಿಸಲು ತಾನೇ ನೀರಿಗಿಳಿಯುತ್ತಾಳೆ. ದಿನಬೆಳಗಾದರೆ ಸಾಯುವ ಈ ಕಲಾವಿದೆಗೆ ಈ ಒಂದು ಸಾವು ಮಾತ್ರ ಗಂಟಲಲ್ಲಿ ಇಳಿಯಲಿಲ್ಲ. ಬೀರುವಿನೊಳಗೆ ಹೋಗಿ ಸುಮ್ಮನೆ ಕೂತು ವಾಪಸು ಬಂದ ಬೆಳಗುಗಳೂ ಇವೆ. ಅಜ್ಜಿ ಹೋದರೆ ಸಂಪಾದನೆಯೂ ಹೋಯಿತಲ್ಲ ಎಂದರೆ ಕೈಯಾಡಿಸಿಬಿಡುತ್ತಾರೆ: "ಹೊಟ್ಟೆಪಾಡು ಹೇಗೋ ನಡೆಯುತ್ತೆ, ಸೈನಿಕರು ಸಾಯೋದು ನಿಲ್ಲಲ್ಲ. ನಂಗೆ ಚಿಂತೆ ದೋಣೀಲಿ ಉಳಿಯೋ ಮಗುವಿಂದು."

ಬರೆದುಕೊಟ್ಟಿದ್ದರಲ್ಲಿ ಅಜ್ಜಿ ಮುಳುಗುವಾಗ ಕಿರುಚಬೇಕಿತ್ತು. ಇವರು ಸ್ಟುಡಿಯೋಗೆ ಹೋಗಿ, ಆಗುವುದಿಲ್ಲ ಎಂದರು. "ಅವಳು ಕಿರುಚಲ್ಲ ಸಾರ್. ಕಿರುಚಿದ್ರೆ ಆ ಮಗು ಹೆದರುತ್ತೆ." ನಿರ್ದೇಶಕ ವಯಸ್ಸಿನಲ್ಲಿ ಚಿಕ್ಕವನು, ಆದರೆ ಕಿವಿಯುಳ್ಳವನು. ಒಪ್ಪಿಕೊಂಡ. ಇವರು ಕುರ್ಚಿ ಬಿಟ್ಟು ಏಳಲಿಲ್ಲ.

"ಇನ್ನೊಂದಿದೆ. ಜನ ದೋಣಿ ತಿರುಗಿಸ್ತಾರೆ, ಅವಳನ್ನ ಹುಡುಕೋಕೆ."

"ತಿರುಗಿಸಿದ್ರೂ ಅಲ್ಲಿ ಏನೂ ಇರಲ್ಲ ಅಮ್ಮಾ. ಬರೀ ನೀರು."

"ಅದಕ್ಕೇ ಹೇಳ್ತಿರೋದು. ಬರೀ ನೀರು ನೋಡ್ಕೊಂಡು ಅವರು ಹೇಗೆ ಮನೆಗೆ ಹೋಗ್ತಾರೆ? ಏನಾದ್ರೂ ಕೇಳಿಸ್ಬೇಕು ಅವರಿಗೆ."

ಆಗಲ್ಲ ಎಂದ ನಿರ್ದೇಶಕ. ಸತ್ತವಳು ಮಾತಾಡಿದರೆ ಕಥೆ ಕೆಡುತ್ತದೆ, ಬಿಡುಗಡೆ ಬೇರೆ ತಲೆಯ ಮೇಲೆ ಕೂತಿದೆ, ಅಷ್ಟಕ್ಕೂ ತಿರುಗಿ ಹೋಗುವವರು ಎಷ್ಟು ಜನ? ಇವರು ಎದ್ದು ಬಂದರು. ಅವತ್ತು ಗಂಡ ಎಷ್ಟು ತಮಾಷೆ ಮಾಡಿದರೂ ಇವರಿಗೆ ನಗು ಬರಲಿಲ್ಲ. ಎರಡು ದಿನ ಬಿಟ್ಟು ಫೋನ್ ಬಂತು. ನಿರ್ದೇಶಕನೇ ರಾತ್ರಿ ಕೂತು ಆ ಭಾಗವನ್ನು ಆಡಿದ್ದನಂತೆ. ಅಜ್ಜಿ ನೀರಿಗಿಳಿದದ್ದೇ, ತನಗೇ ತಿಳಿಯದೆ ದೋಣಿ ತಿರುಗಿಸಿದ್ದನಂತೆ. "ಒಂದೇ ಒಂದು ಸಾಲು, ಅಮ್ಮಾ. ಏನು ಹೇಳ್ಬೇಕು ಅಂತ ನೀವೇ ನೋಡ್ಕೊಳ್ಳಿ. ನಮ್ಮಿಂದ ಬರೆಯೋಕಾಗ್ತಿಲ್ಲ" ಎಂದನಂತೆ.

ಇವತ್ತು ಬೆಳಿಗ್ಗೆ ಆ ಸಾಲಿನ ಸರದಿ. ಬೀರುವಿನ ಬಾಗಿಲು ಮುಚ್ಚಿಕೊಳ್ಳುತ್ತದೆ. ಗಂಡ ಹೊರಗೆ ಮಂಚದ ಅಂಚಿನಲ್ಲಿ ಕೂತಿದ್ದಾರೆ. ಒಳಗೆ ಒಂದು ಸಣ್ಣ ಕೆಮ್ಮು. ಆಮೇಲೆ, ಪಕ್ಕದಲ್ಲೇ ಮಲಗಿದವರಿಗೆ ಹೇಳುವಷ್ಟು ಮೆಲ್ಲಗೆ, ಆ ಹಳೆಯ ದನಿ ಬರುತ್ತದೆ:

"ಚಳಿ ಆಗ್ತಿಲ್ಲ ಮಗಾ ನಂಗೆ. ನೀನು ದಡ ಸೇರ್ಕೋ."