ಕೆಂಪು ನೂಲು, ಹಳದಿ ನೂಲು

ನವಲಗುಂದದ ನಮ್ಮ ಕಾಲೇಜಿಗೆ ಬರುತ್ತಿದ್ದ ನೆಟ್‌ವರ್ಕಿನವರ ಕಿಸೆಯಲ್ಲಿ ಯಾವಾಗಲೂ ತಮ್ಮ ತಾಯಿಯ ಜಮಖಾನೆ ಮಗ್ಗದಲ್ಲಿ ಉಳಿದ ನೂಲಿರುತ್ತಿತ್ತು. ಕಂಪ್ಯೂಟರುಗಳ ವೈರುಗಳೆಲ್ಲ ಬಂದು ಸೇರುವ ಸ್ವಿಚ್ ಪೆಟ್ಟಿಗೆಯ ಪೋರ್ಟುಗಳನ್ನು ಎರಡು ವಿಎಲ್ಯಾನ್, ಅಂದರೆ ಒಂದಕ್ಕೊಂದು ಸಂಪರ್ಕವಿಲ್ಲದ ಎರಡು ಗುಂಪು, ಮಾಡಿ, ಆಫೀಸಿನ ವೈರುಗಳಿಗೆ ಕೆಂಪು, ಲ್ಯಾಬಿನವಕ್ಕೆ ಹಳದಿ ನೂಲು ಕಟ್ಟಿ, "ಮೊದಲ ಬಣ್ಣಾ ನೋಡ್ರಿ" ಎನ್ನುತ್ತಿದ್ದರು.

ನಾಳೆ ಪರೀಕ್ಷೆ ಎನ್ನುವಾಗ ಹಾಲ್‌ಟಿಕೆಟ್ ಪ್ರಿಂಟಾಗಲಿಲ್ಲ. "ಎಲ್ಲಾ ಬರೋಬರಿ ಐತಲ್ರಿ" ಎಂದು, ಕರೆದೊಡನೆ ಬಂದ ನೆಟ್‌ವರ್ಕಿನವರು ಟೊಪ್ಪಿಗೆ ತೆಗೆದು ಹಾಕಿ, ತೆಗೆದು ಹಾಕಿ, ಪರದೆಯನ್ನೇ ನೋಡಿದರು. ನನಗಂತೂ ತಲೆಬುಡ ತಿಳಿಯಲಿಲ್ಲ.

"ನಿನ್ನೆ ವೈರ್ ಎಲ್ಲಾ ಕಿತ್ತು ಧೂಳ ಝಾಡಿಸಿ, ಬಣ್ಣಾ ನೋಡೇ ತಿರುಗಿ ಹಚ್ಚೇನ್ರಿ. ಕೆಂಪು ಎಲ್ಲಾ ಮ್ಯಾಲ, ಹಳದಿ ಎಲ್ಲಾ ಕೆಳಗ" ಎಂದರು ಜವಾನ ಕಾಕಾ, ಹೆಮ್ಮೆಯಿಂದ.

ನೆಟ್‌ವರ್ಕಿನವರು ಒಂದು ವೈರನ್ನೂ ಕೀಳಲಿಲ್ಲ. "ಚಂದ ಜೋಡಿಸೀರಿ, ಕಾಕಾ. ಸ್ವಿಚ್ಚಿಗೆ ಪೋರ್ಟಿನ ನಂಬರ್ ಅಷ್ಟ ಗೊತ್ತು, ಬಣ್ಣಾ ಕಾಣೂದಿಲ್ಲ. ಅದಕ್ಕ ನಾ ತಿಳಿಸಿ ಹೇಳತೇನಿ" ಎಂದು, ಕಾಕಾ ಜೋಡಿಸಿದಂತೆಯೇ ಪೋರ್ಟುಗಳನ್ನು ಹೊಸದಾಗಿ ಹಂಚಿದರು.

ಹಾಲ್‌ಟಿಕೆಟ್ ಬಂದವು. ಕಾಕಾ ಇಂದಿಗೂ, "ಬಣ್ಣಾ ನೋಡಿ ಹಚ್ಚಿದ್ನಲ್ಲಾ, ಅದಕ್ಕ ನೆಟ್ಟಗಾತು" ಎನ್ನುತ್ತಾರೆ.