ಗೆರೆ ತಪ್ಪಿದ ಮೊಳೆ

ಹನ್ನೊಂದು ವರ್ಷ ಗಂಡನ ಸಮಸಮಕ್ಕೆ ಮಾಡು ಹತ್ತಿ ಹೆಂಚಿನಂತೆ ಒಂದರ ಮೇಲೊಂದು ಡಾಂಬರು ಹಾಳೆ ಹೊದಿಸಿದ ಅವಳನ್ನು ಬೀದಿಯವರೆಲ್ಲ ಸುತ್ತಿಗೆಯಕ್ಕ ಎನ್ನುತ್ತಿದ್ದರು. ಗಂಡ ತೀರಿಕೊಂಡ ಮೂರನೆಯ ತಿಂಗಳು ಬೀಸಿದ ಗಾಳಿಗೆ ಔಷಧಿ ಅಂಗಡಿಯವರ ಮನೆಯ ಅರ್ಧ ಮಾಡು ಕಿತ್ತು ಬಂತು. ಅದನ್ನು ಹೊದಿಸಿದವರು ಅವಳ ಗಂಡ ಮತ್ತು ಮೈದುನ, ಇಬ್ಬರೇ.

ಮೈದುನ ಹಿಂದುಮುಂದು ನೋಡದೆ ಹೇಳಿಬಿಟ್ಟ: "ಹಾರಿರೋದು ಅಣ್ಣ ಮೊಳೆ ಹೊಡೆದ ಕಡೆ. ಕೊನೆಕೊನೆಗೆ ಅವನ ಕೈ ನಡುಗ್ತಿತ್ತು."

ಮಾತು ಕಿವಿಗೆ ಬಿದ್ದಾಗ ಅವಳಿಗೆ ಮೈಯೆಲ್ಲ ಉರಿಯಿತು. ಆದರೂ ಒಂದು ವಾರ ಕಾದಳು. ಭಾನುವಾರ ಅತ್ತೆಯನ್ನೂ ಮೈದುನನನ್ನೂ ಕರೆದುಕೊಂಡು ಆ ಮನೆಗೆ ಹೋದಳು. ಅಕ್ಕಪಕ್ಕದವರು ತಾವಾಗಿಯೇ ಸೇರಿದರು. ಅವಳಿಗೂ ಅದೇ ಬೇಕಿತ್ತು.

ಮೈದುನನನ್ನು ಮುಂದೆ ಹತ್ತಿಸಿ, ಹಿಂದೆ ತಾನೂ ಹತ್ತಿ, ಗಟ್ಟಿಯಾಗಿ ಉಳಿದಿದ್ದ ಹಾಳೆಯೊಂದನ್ನು ಚಪ್ಪಟೆ ಸಲಾಕೆಯಿಂದ ಎಬ್ಬಿಸಿ, ಏಣಿಯ ತುದಿಯಲ್ಲಿ ನಿಂತಿದ್ದ ಅಂಗಡಿಯವರಿಗೆ ತೋರಿಸಿದಳು.

"ನೋಡಿ ಸಾರ್, ಹಾಳೆಗೆ ನಾಲ್ಕು ಮೊಳೆ. ನಾಲ್ಕೂ ಹಾಳೆ ಮೇಲೆ ಎಳೆದಿರೋ ಗೆರೆ ಮೇಲೇ ಕೂತಿವೆ, ಕೆಳಗಿನ ಹಾಳೇನೂ ಕಚ್ಚಿಕೊಂಡಿವೆ. ತಲೆ ಮಟ್ಟಸವಾಗಿದೆ. ಇದು ಸುತ್ತಿಗೆ ಕೆಲಸ, ನಮ್ಮೋರದು. ಅವರು ಜನ್ಮದಲ್ಲಿ ಮೊಳೆ ಹೊಡೆಯೋ ಗನ್ ಮುಟ್ಟಿದವರಲ್ಲ."

ಆಮೇಲೆ ಗಾಳಿ ಕಿತ್ತ ಕಡೆಗೆ ಸರಿದಳು. ಅಲ್ಲಿ ಅರೆಬರೆ ಉಳಿದ ಹಾಳೆಗಳಲ್ಲಿ ಮೊಳೆಗಳು ಗೆರೆಯಿಂದ ಎರಡು ಬೆರಳು ಮೇಲಕ್ಕೆ ಹೋಗಿದ್ದವು; ಕೆಳಗಿನ ಹಾಳೆಗೆ ತಾಗಿರಲೇ ಇಲ್ಲ. ಗನ್ನಿನ ರಭಸಕ್ಕೆ ತಲೆಗಳು ಹಾಳೆಯನ್ನೇ ತೂತು ಮಾಡಿ ಒಳಗಿಳಿದಿದ್ದವು.

"ಗನ್ ಇದ್ದಿದ್ದು ಯಾರ ಕೈಲಿ?"

ಮೈದುನನ ಮುಖ ಬಿಳಿಚಿಕೊಂಡಿತು. "ಅತ್ತಿಗೆ, ಮನೇಲಿ ಮಾತಾಡೋಣ."

"ಸತ್ತೋನ ಹೆಸರು ಬೀದೀಲಿ ಎತ್ತಿದೆ. ಇದನ್ನೂ ಬೀದೀಲೇ ಹೇಳು."

"ನನ್ನ ಕೈಲಿ," ಎಂದು ಗೊಣಗಿದ.

"ಕೇಳಿಸ್ಲಿಲ್ಲ."

"ನಾನೇ ಹೊಡೆದಿದ್ದು!"

ಮೂರು ಸಲ ಹೇಳಿಸಿದಳು.

ಕೆಳಗೆ ನಿಂತಿದ್ದ ಅತ್ತೆ ಅಳತೊಡಗಿದರು. "ಸಾಕು ಬಿಡಮ್ಮ, ಅವನೂ ನನ್ನ ಮಗನೇ ಅಲ್ವಾ?"

"ದೊಡ್ಡೋನ ಮೇಲೆ ತಪ್ಪು ಹೊರಿಸ್ದಾಗ ನೀವೂ ಹೂಂ ಅಂದ್ರಿ, ಅತ್ತೆ. ಅವರು ಯಾರ ಮಗ?"



ಅಂಗಡಿಯವರು ದುರಸ್ತಿಯನ್ನು ಅವಳಿಗೇ ಒಪ್ಪಿಸಿದರು. ಅವಳು ಒಂದೇ ಷರತ್ತು ಹಾಕಿದಳು: ಗೆರೆ ತಪ್ಪಿದ ಮೊಳೆಗಳನ್ನು ಹೊಡೆದವನೇ ಕೀಳಬೇಕು. ಬಿಸಿಲಿಗೆ ಕಾದ ಮಾಡಿನ ಮೇಲೆ ಎರಡು ದಿನ ಮಂಡಿಯೂರಿ ಮೈದುನ ಒಂದೊಂದಾಗಿ ಕಿತ್ತ. ಅವಳು ನೆರಳಿಗೂ ಸರಿಯದೆ ಪಕ್ಕದಲ್ಲೇ ನಿಂತಿದ್ದಳು. ಅವನು ಕುಡಿಯಲು ನೀರು ಕೇಳಿದಾಗ ಬಾಟಲಿಯನ್ನು ತನ್ನ ಕಾಲ ಬಳಿ ಇಟ್ಟುಕೊಂಡು, "ಆ ಸಾಲು ಮುಗಿಸು," ಎಂದಳು.